ಬರ್ಡನ್ ಕೇಸಿಗೆ ಕೈಮುಗಿದು ಬಾಕ್ಸರ್‌ಗೆ ಬಂದೆ

ನನ್ನ ಹತ್ತಿರ ಇರುವುದು ಸ್ವಿಸ್ ಸೇನೆಯ ಹಳೆಯ ಕೆ31 ರೈಫಲ್. ಅದಕ್ಕೆ ಹಾಕಿ ಹೊಡೆದ ಜಿಪಿ11 ಮಿಲಿಟರಿ ತೋಟಾಗಳ ಖಾಲಿ ಕೇಸು, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆ, ರಾಶಿ ಬಿದ್ದಿದೆ. ಹಿತ್ತಾಳೆ ಎಷ್ಟು ಚೆನ್ನಾಗಿದೆ ಎಂದರೆ ಎಸೆಯಲು ಮನಸ್ಸೇ ಬರುವುದಿಲ್ಲ. ತೊಂದರೆ ಒಂದೇ, ಅವೆಲ್ಲ ಬರ್ಡನ್ ಕೇಸು. ಅವಕ್ಕೇ ಪ್ರೈಮರ್, ಪೌಡರ್, ಗುಂಡು ಹಾಕಿ ಮತ್ತೆ ತುಂಬಬೇಕಾ, ಪ್ರ್ವಿ ಪಾರ್ಟಿಜಾನ್ ಕಂಪನಿ ಮಾಡುವ ಬಾಕ್ಸರ್ ಕೇಸು ಕೊಳ್ಳಬೇಕಾ? ಎರಡನ್ನೂ ಬಳಸಿ ನೋಡಿದ್ದೇನೆ. ಬಾಕ್ಸರ್ ಕೊಳ್ಳಿ ಎಂದೇ ಹೇಳುತ್ತೇನೆ. ಆದರೆ ಎಲ್ಲರೂ ಹೇಳುವ ಕಾರಣಕ್ಕಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಪ್ರೈಮರ್ ಎಂದರೆ ಪೌಡರ್‌ಗೆ ಬೆಂಕಿ ಹೊತ್ತಿಸಲು ಕೇಸಿನ ತಳದಲ್ಲಿ ಕೂರಿಸುವ ಪುಟ್ಟ ಲೋಹದ ಬಟ್ಟಲು. ಫೈರಿಂಗ್ ಪಿನ್ ಬಡಿದಾಗ ಅದರೊಳಗಿನ ಮದ್ದು ಒಂದು ಅಡಿಗಲ್ಲಿನ ಮೇಲೆ ಜಜ್ಜಿ ಕಿಡಿ ಹೊತ್ತಬೇಕು. ಬರ್ಡನ್‌ನಲ್ಲಿ ಆ ಅಡಿಗಲ್ಲು ಕೇಸಿನ ತಳದಲ್ಲೇ ಎದ್ದು ನಿಂತಿರುತ್ತದೆ. ಅದರ ಅಕ್ಕಪಕ್ಕ ಸಾಮಾನ್ಯವಾಗಿ ಎರಡು ಸಣ್ಣ ತೂತು. ಬಾಕ್ಸರ್‌ನಲ್ಲಿ ಅಡಿಗಲ್ಲು ಪ್ರೈಮರ್ ಒಳಗೇ ಇರುತ್ತದೆ, ಕೇಸಿನಲ್ಲಿ ನಟ್ಟನಡುವೆ ಒಂದೇ ತೂತು. ತಮಾಷೆ ಏನು ಗೊತ್ತಾ? ಎರಡಕ್ಕೂ ಪೇಟೆಂಟ್ ಸಿಕ್ಕಿದ್ದು 1866ರಲ್ಲಿ. ಬರ್ಡನ್ ಅಮೆರಿಕದವನು, ಅವನ ಪ್ರೈಮರ್ ನೆಲೆಯೂರಿದ್ದು ಯುರೋಪಿನ ಸೇನೆಗಳಲ್ಲಿ. ಬಾಕ್ಸರ್ ಬ್ರಿಟಿಷ್ ಅಧಿಕಾರಿ, ಅವನದು ಅಮೆರಿಕದ ಪಾಲಾಯಿತು.

ನಡುವೆ ತೂತು ಇದ್ದರೆ ಕೆಲಸ ಎಷ್ಟು ಸಲೀಸು ನೋಡಿ. ಕೇಸನ್ನು ಒತ್ತಿ ಅಳತೆಗೆ ತರುವ ಅಚ್ಚು, ಅಂದರೆ ಡೈ, ಅದರ ಒಳಗಿನ ಪಿನ್ ನೇರ ಇಳಿಯುತ್ತದೆ, ಹಳೆಯ ಪ್ರೈಮರ್ ಟಪ್ ಎಂದು ಬೀಳುತ್ತದೆ. ಅದೇ ಡೈಗೆ ಬರ್ಡನ್ ಕೇಸು ಹಾಕಿದರೆ ಪಿನ್ ಅಡಿಗಲ್ಲಿಗೆ ತಾಗಿ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಅದಕ್ಕೇ ಎಲ್ಲಿಂದಲೋ ಬಂದ ಕೇಸುಗಳ ಒಳಗೆ ಮೊದಲು ಟಾರ್ಚ್ ಬಿಟ್ಟು ನೋಡಬೇಕು.

ಬರ್ಡನ್ ಪ್ರೈಮರ್ ತೆಗೆಯಲು ಎರಡು ದಾರಿ. ಒಂದು, ಮೊನೆಯಿಂದ ಪ್ರೈಮರ್ ಚುಚ್ಚಿ ಮೀಟುವ ಕೊಕ್ಕೆ. ನಾನು ಕೊಂಡ ಕೊಕ್ಕೆ ನನಗೆ ಹಿಡಿಸಲಿಲ್ಲ. ಮೊನೆ ಚೂರು ಆಳಕ್ಕೆ ಹೋದರೂ ಅಡಿಗಲ್ಲಿಗೆ ಗಾಯ. ಅಲ್ಲಿ ಪೆಟ್ಟಾದರೆ ಆ ಕೇಸನ್ನು ಮತ್ತೆ ನಂಬುವ ಹಾಗಿಲ್ಲ. ಇನ್ನೊಂದು ನೀರಿನ ದಾರಿ. ಕೇಸಿನ ಕತ್ತಿನವರೆಗೆ ನೀರು ತುಂಬಿ, ಕತ್ತಿಗೆ ಬಿಗಿಯಾಗಿ ಕೂರುವ ಸರಳು ಇಟ್ಟು, ಮೇಲಿಂದ ಸುತ್ತಿಗೆಯಲ್ಲಿ ಒಂದೇ ಏಟು. ನೀರು ಅದುಮಿಕೊಳ್ಳುವುದಿಲ್ಲವಲ್ಲ, ಆ ಎರಡು ತೂತಿನಿಂದ ನುಗ್ಗಿ ಪ್ರೈಮರನ್ನು ಹೊರಗೆ ತಳ್ಳುತ್ತದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಸರಳು ಚೂರು ಸಡಿಲ ಇದ್ದರೆ ಮಸಿ ನೀರು ಮುಖಕ್ಕೇ ಎರಚುತ್ತದೆ. ಕನ್ನಡಕ ಬೇಕೇ ಬೇಕು, ಹಳೇ ಅಂಗಿ ಹಾಕಿಕೊಂಡರೆ ಒಳ್ಳೆಯದು. ಆಮೇಲೆ ಒಂದೊಂದು ಕೇಸನ್ನೂ ಪೂರ್ತಿ ಒಣಗಿಸಬೇಕು. ಇದೆಲ್ಲ ಉರಿದ ಪ್ರೈಮರ್‌ಗೆ ಮಾತ್ರ. ಉರಿಯದೆ ಉಳಿದದ್ದು ಕಂಡರೆ ಸುಮ್ನೆ ಪಕ್ಕಕ್ಕಿಡಿ, ಸುತ್ತಿಗೆ ಹತ್ತಿರ ತರಬೇಡಿ.

ಬಹಳ ಜನ ಇಲ್ಲಿಗೇ ಸುಸ್ತಾಗಿ ಬರ್ಡನ್ ಬಿಡುತ್ತಾರೆ. ನನಗೆ ಇದೇನೂ ದೊಡ್ಡ ಕಷ್ಟ ಅನಿಸಲಿಲ್ಲ, ಕೈ ಕುದುರುತ್ತದೆ. ನಿಜವಾದ ತಲೆನೋವು ಹೊಸ ಪ್ರೈಮರ್‌ನದು. ಬಾಕ್ಸರ್ ರೈಫಲ್ ಪ್ರೈಮರ್‌ಗೆ ಸಾಮಾನ್ಯವಾಗಿ ಇರುವುದು ಎರಡೇ ಅಳತೆ: ಚಿಕ್ಕದು 4.45 ಮಿ.ಮೀ., ದೊಡ್ಡದು 5.33. ಬರ್ಡನ್‌ನಲ್ಲಿ ಹಾಗಿಲ್ಲ. ಜಿಪಿ11ಗೆ 5.5 ಮಿ.ಮೀ., ಹಳೆಯ .303 ಬ್ರಿಟಿಷ್ ಕೇಸಿಗೆ 6.35, ಇನ್ನು ಕೆಲವಕ್ಕೆ 6.45. ತೋಟಾ ತುಂಬುವ ಕೈಯಂತ್ರ, ಅಂದರೆ ಪ್ರೆಸ್, ಅದರಲ್ಲಿ ಪ್ರೈಮರ್ ಕೂರಿಸುವ ಭಾಗವೂ ಅದಕ್ಕೆ ತಕ್ಕದ್ದೇ ಬೇಕು. ಮಾಡುವವರು ಕಡಿಮೆ, ಇಡುವ ಅಂಗಡಿ ಇನ್ನೂ ಕಡಿಮೆ. ಒಂದು ಡಬ್ಬಿ ಖಾಲಿಯಾದರೆ ಮುಂದಿನದು ಯಾವಾಗ ಬರುತ್ತದೋ ದೇವರೇ ಬಲ್ಲ. ಹಾಗಿದ್ದ ಮೇಲೆ ರಾಶಿ ಕೇಸು ಇಟ್ಟುಕೊಂಡು ಏನು ಮಾಡುವುದು ಹೇಳಿ?

ಅಡಿಗಲ್ಲನ್ನು ಕೊರೆದು ತೆಗೆದು ಬಾಕ್ಸರ್ ಪ್ರೈಮರ್ ಕೂರಿಸುತ್ತೇವೆ ಎನ್ನುವವರೂ ಇದ್ದಾರೆ. ದಯವಿಟ್ಟು ಬೇಡ. ಒತ್ತಡ ತಡೆಯಬೇಕಾದ ತಳವನ್ನೇ ಕೊರೆದು ಉಳಿಸುವ ಹಣ ಯಾರಿಗೆ ಬೇಕು?

ಹೊಸ ಬಾಕ್ಸರ್ ಕೇಸಿನ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ, ಅದೇ ಅದರ ಗುಣ. ಡೈಯಲ್ಲಿ ಒತ್ತಿ ಸೈಜ್ ಮಾಡಿ, ಪ್ರೈಮರ್ ಒತ್ತಿ, ಪೌಡರ್ ಹಾಕಿ, ಗುಂಡು ಕೂರಿಸಿ, ಮುಗಿಯಿತು. ಒಂದೇ ಸಂಜೆಯಲ್ಲಿ ಬರ್ಡನ್‌ಗಿಂತ ಎಷ್ಟೋ ಪಟ್ಟು ಕೆಲಸ ಆಗುತ್ತದೆ. ಕೇಸಿಗೆ ಕೊಡುವ ದುಡ್ಡು ಮೊದಲು ಜಾಸ್ತಿ ಅನಿಸುತ್ತದೆ, ಆದರೆ ಅದೇ ಕೇಸು ಮತ್ತೆ ಮತ್ತೆ ಬರುತ್ತದೆ ಅಲ್ವಾ.

ಹಾಗಾದರೆ ಬರ್ಡನ್ ಯಾರಿಗೆ? ಸರಿಯಾದ ಅಳತೆಯ ಪ್ರೈಮರ್ ಆಗಲೇ ಕೂಡಿಟ್ಟವರಿಗೆ. ಬಾಕ್ಸರ್ ಕೇಸೇ ಸಿಗದ ಅಪರೂಪದ ಕ್ಯಾಲಿಬರ್ ಇಟ್ಟುಕೊಂಡವರಿಗೆ. ಅವರೂ ಒಂದು ನೋಡಿಕೊಳ್ಳಬೇಕು: ಪಾದರಸದ ಪ್ರೈಮರ್ ಬಳಸಿದ ತೀರಾ ಹಳೆಯ ಕೇಸು ತುಂಬಬಾರದು. ಪಾದರಸ ಹಿತ್ತಾಳೆಗೆ ಹತ್ತಿ ಅದನ್ನು ಪೆಡಸು ಮಾಡುತ್ತದೆ, ಅಂಥ ಕೇಸು ಒಡೆಯುತ್ತದೆ.

ಬದಲಾಯಿಸುವವರು ಪೌಡರ್ ವಿಷಯದಲ್ಲಿ ಮಾತ್ರ ಅವಸರ ಪಡಬೇಡಿ. ಕೇಸಿನ ಗೋಡೆ ದಪ್ಪ ಇದ್ದಷ್ಟೂ ಒಳಗಿನ ಜಾಗ ಕಡಿಮೆ, ಒತ್ತಡ ಜಾಸ್ತಿ. ಬರ್ಡನ್ ಕೇಸಿಗೆ ಹೊಂದಿಸಿದ್ದ ಪೌಡರ್ ಅಳತೆಯನ್ನು ಹಾಗೇ ಹೊಸದಕ್ಕೆ ಹಾಕದೆ, ಕೈಪಿಡಿಯಲ್ಲಿರುವ ಕನಿಷ್ಠ ಅಳತೆಯಿಂದ ಮತ್ತೆ ಮೇಲೆ ಬನ್ನಿ.