ದುರ್ಗಿಗುಡಿಯ ಡಿಟಿಪಿ ಅಂಗಡಿ: ಅಕ್ಷರಕ್ಕೆ ಫುಲ್ ಮಾರ್ಕ್ಸ್, ಅಂಕಿ ಮಾತ್ರ ನೀವೇ ನೋಡಿಕೊಳ್ಳಿ

ತೀರ್ಥಹಳ್ಳಿ ಕಡೆಯ ಶಾಲೆಯಲ್ಲಿ ನಾನು ಪಿಟಿ ಮೇಷ್ಟ್ರು. ಸಾಫ್ಟ್‌ಬಾಲ್ ಆಡುವ ನಮ್ಮ ಹುಡುಗಿಯರಿಗೆ ಕೊಡೋಣ ಅಂತ ಬಾಬಿ ಮ್ಯಾಥ್ಯೂಸ್ ಎಂಬ ಹಳೇ ಬೇಸ್‌ಬಾಲ್ ಪಿಚರ್‌ನ (ಚೆಂಡು ಎಸೆಯುವವನ) ಕಥೆ ಬರೆದಿದ್ದೆ. ಹದಿನಾರು ಪುಟದ ಪುಸ್ತಿಕೆ. ಟೈಪಿಂಗ್, ಪ್ರಿಂಟ್, ಪಿನ್ ಹೊಡೆಸಿದ್ದು ಎಲ್ಲಾ ಶಿವಮೊಗ್ಗದ ದುರ್ಗಿಗುಡಿಯ ಒಂದು ಡಿಟಿಪಿ ಅಂಗಡಿಯಲ್ಲಿ.

ನನ್ನ ಕೈಬರಹ ಕೋಳಿ ಕೆದರಿದ ಹಾಗಿದೆ. ಆದರೂ ಅಲ್ಲಿನ ಆಪರೇಟರ್ ಹುಡುಗಿ ಒಂದು ಒತ್ತಕ್ಷರವನ್ನೂ ತಪ್ಪಿಸಿಲ್ಲ. ಕರೆಂಟ್ ಹೋದರೆ ಯುಪಿಎಸ್ ಇದೆ. ರೇಟೂ ಜಾಸ್ತಿ ಅಲ್ಲ.

ತಕರಾರು ಒಂದೇ. ಪ್ರೂಫ್‌ನಲ್ಲಿ, ಪಿಚರ್ ಆಗಿ ಮ್ಯಾಥ್ಯೂಸ್‌ನ ಲೆಕ್ಕಕ್ಕೆ ಸೇರಿದ ಒಟ್ಟು ಗೆಲುವು 300 ಅಂತಿತ್ತು. ನಾನು ಬರೆದದ್ದು 297. ಕೇಳಿದರೆ, "ರೌಂಡ್ ಫಿಗರ್ ಇರಲಿ ಅಂತ ಮಾಡಿದೆ ಸರ್, ಮೂರು ತಾನೇ?" ಅಂದಳು.

ಆ ಮೂರರಲ್ಲೇ ಇರೋದಲ್ವಾ ಅವನ ಹಣೆಬರಹ! ಕೌಂಟರ್ ಹತ್ತಿರ ನಿಂತೇ ಹೇಳಿದೆ. 1851ರಲ್ಲಿ ಬಾಲ್ಟಿಮೋರ್‌ನಲ್ಲಿ ಹುಟ್ಟಿದ ಆಸಾಮಿ, ಐದಡಿ ಐದಿಂಚು ಎತ್ತರ. ಅಮೆರಿಕದ ಮೊದಲ ವೃತ್ತಿಪರ ಲೀಗ್‌ನ ಮೊದಲ ಪಂದ್ಯ ನಡೆದದ್ದು 1871ರ ಮೇ 4ರಂದು, ಫೋರ್ಟ್ ವೇನ್‌ನಲ್ಲಿ. ಹತ್ತೊಂಬತ್ತರ ಈ ಹುಡುಗ ಕ್ಲೀವ್‌ಲ್ಯಾಂಡ್‌ಗೆ ಒಂದು ರನ್ನೂ ಕೊಡಲಿಲ್ಲ. 2-0. ಇಪ್ಪತ್ತು, ಮೂವತ್ತು ರನ್ ಸುಮ್ನೆ ಬರ್ತಿದ್ದ ಕಾಲ ಅದು. ಆಗ 45 ಅಡಿ ದೂರದಿಂದ, ನಮ್ಮ ಹುಡುಗಿಯರ ಹಾಗೇ ಕೈ ಕೆಳಗಿನಿಂದ ಎಸೀಬೇಕಿತ್ತು. ಅವನ ಫೋರ್ಟ್ ವೇನ್ ತಂಡ ಕೆಕಿಯೊಂಗಾ ಆ ಸೀಸನ್ ಮುಗಿಸಲೂ ಇಲ್ಲ, ಅರ್ಧದಲ್ಲೇ ಬಾಗಿಲು ಹಾಕಿತು. ಇವನು ಊರಿಂದೂರಿಗೆ ತಂಡ ಬದಲಾಯಿಸುತ್ತಾ 1887ರವರೆಗೆ ಆಡಿದ. ಫಿಲಡೆಲ್ಫಿಯಾದಲ್ಲಿ ಸತತ ಮೂರು ವರ್ಷ, ವರ್ಷಕ್ಕೆ 30 ಗೆಲುವು! ಅವನ ಕಾಲದಲ್ಲಿ 300 ಗೆಲುವು ದಾಟಿದವರೆಲ್ಲ ಹಾಲ್ ಆಫ್ ಫೇಮ್, ಅಂದರೆ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿ, ಸೇರಿದ್ದಾರೆ. ಇವನಿಲ್ಲ. ಸಾಲದ್ದಕ್ಕೆ ಆ ಮೊದಲ ಲೀಗನ್ನು ಮೇಜರ್ ಲೀಗ್ (ಅತ್ಯುನ್ನತ ದರ್ಜೆಯ ಲೀಗ್) ಅಂತ ಅಧಿಕೃತವಾಗಿ ಒಪ್ಪುವುದೇ ಇಲ್ಲ. ಅಲ್ಲಿನ 131 ಗೆಲುವು ಕಳೆದರೆ ಉಳಿಯೋದು 166. 1898ರಲ್ಲಿ, 46ಕ್ಕೇ ತೀರಿಕೊಂಡ.

ಹುಡುಗಿ ಕೀಬೋರ್ಡ್ ಬಿಟ್ಟು ಕೇಳಿದಳು. "ಹಾಗಾದ್ರೆ 297 ದಪ್ಪಕ್ಷರದಲ್ಲಿ ಹಾಕ್ಲಾ ಸರ್?" ಹಾಕಿದಳು. ಎರಡನೇ ಪ್ರೂಫ್‌ಗೆ ದುಡ್ಡು ತಗೊಳ್ಳಲಿಲ್ಲ.

ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೀನಿ. ಮದುವೆ ಸೀಸನ್‌ನಲ್ಲಿ ಹೋಗಬೇಡಿ, ಲಗ್ನಪತ್ರಿಕೆಯವರೇ ತುಂಬಿರ್ತಾರೆ. ಕವರ್‌ಗೆ ಲ್ಯಾಮಿನೇಷನ್ ಬೇಕಿದ್ದರೆ ಮೊದಲೇ ಹೇಳಿಬಿಡಿ, ಅದನ್ನು ಬೇರೆ ಕಡೆ ಕಳಿಸಿ ಮಾಡಿಸ್ತಾರೆ.