ಆರ್‌ವಿ ಪ್ರವಾಸಕ್ಕೆ ಯಾವ ಓವನ್? ನಾಲ್ಕನ್ನೂ ಬಳಸಿ ನೋಡಿದ ಮೇಲೆ

ಆರ್‌ವಿ (ಅಡುಗೆಮನೆ, ಹಾಸಿಗೆ ಎಲ್ಲ ಇರುವ ಮನೆಗಾಡಿ) ಬಾಡಿಗೆಗೆ ತೆಗೆದುಕೊಂಡು ಅಮೆರಿಕದ ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ಕಡೆ ಹೊರಟ ನಮ್ಮವರು ಯಾರೇ ಇರಲಿ, ಒಂದು ಪ್ರಶ್ನೆ ಬಂದೇ ಬರುತ್ತದೆ: ಮನೆಯ ಏರ್ ಫ್ರೈಯರ್ ಎತ್ತಿಕೊಂಡು ಹೋಗೋಣ್ವಾ? ನಾನು ತಿರುಗಿ ಕೇಳೋದು ಒಂದೇ. ರಾತ್ರಿ ಗಾಡಿ ಎಲ್ಲಿ ನಿಲ್ಲಿಸ್ತೀರಿ?

ಗರಿಗರಿ, ರುಚಿ, ಎಷ್ಟು ಟ್ರೇ, ಅದೆಲ್ಲ ಆಮೇಲೆ. ಯೆಲ್ಲೋಸ್ಟೋನ್ ಪಾರ್ಕಿನ ಒಳಗೆ ಕರೆಂಟ್ ಹುಕಪ್ (ನಿಲ್ಲಿಸಿದ ಗಾಡಿಗೆ ಕರೆಂಟ್ ಎಳೆದುಕೊಳ್ಳುವ ಪ್ಲಗ್) ಇರೋದು ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕ್ ಒಂದರಲ್ಲೇ. ಗ್ರ್ಯಾಂಡ್ ಕ್ಯಾನ್ಯನ್ ದಕ್ಷಿಣ ಅಂಚಿನ ಸೌತ್ ರಿಮ್‌ನಲ್ಲಿ ಟ್ರೇಲರ್ ವಿಲೇಜ್‌ನಲ್ಲಿ ಇದೆ, ಪಕ್ಕದ ಮೇದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಇಲ್ಲ. ಹುಕಪ್ ಇರುವ ಜಾಗ ಬೇಗ ಬುಕ್ ಆಗಿಬಿಡುತ್ತದೆ. ಸಿಗದೇ ಹೋದರೆ ನಿಮ್ಮ ಏರ್ ಫ್ರೈಯರ್ ಸುಮ್ನೆ ಒಂದು ಡಬ್ಬಿ, ಅದರೊಳಗೆ ಈರುಳ್ಳಿ ತುಂಬಿಡಬಹುದು ಅಷ್ಟೇ.

ನಾನು ಬಳಸಿ ನೋಡಿರೋದು ನಾಲ್ಕು: ಗಾಡಿಯಲ್ಲೇ ಕೂಡಿಸಿಕೊಟ್ಟ ಗ್ಯಾಸ್ ಓವನ್, 1700 ವಾಟಿನ ದೊಡ್ಡ ಏರ್ ಫ್ರೈಯರ್ ಓವನ್, 1200 ವಾಟ್ ಒಳಗಿನ ಚಿಕ್ಕ ಟೋಸ್ಟರ್ ಓವನ್ (ಬೆಂಗಳೂರಲ್ಲಿ ಒಟಿಜಿ ಅಂತ ಮಾರ್ತಾರಲ್ಲ, ಆ ಜಾತಿ), ಮತ್ತೆ ಒಲೆ ಮೇಲೆ ಇಡುವ ಒಮ್ನಿಯಾ ಅನ್ನೋ ಬೇಕಿಂಗ್ ಪಾತ್ರೆ.

ಗ್ಯಾಸ್ ಓವನ್ ಇದ್ದೇ ಇದೆ ಅಂದಮೇಲೆ ಬೇರೆ ಯಾಕೆ ಅನ್ನಿಸುತ್ತೆ, ಅಲ್ವಾ? ಒಮ್ಮೆ ಹಚ್ಚಿ ನೋಡಿ. ಎಷ್ಟೋ ಗಾಡಿಗಳಲ್ಲಿ ನೆಲದ ಮೇಲೆ ಮಂಡಿಯೂರಿ, ತಲೆ ಒಳಗೆ ಹಾಕದಷ್ಟೇ ಬಗ್ಗಿ, ಒಂದು ಕೈಯಲ್ಲಿ ನಾಬ್ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಉದ್ದದ ಲೈಟರ್ ಚಾಚಿ ಹಿಂದುಗಡೆ ಇರುವ ಪೈಲಟ್ (ದೊಡ್ಡ ಉರಿ ಹೊತ್ತಿಸುವ ಪುಟ್ಟ ಉರಿ) ಹಚ್ಚಬೇಕು. ಉರಿ ಪೂರ್ತಿ ತಳದಲ್ಲೇ. ಹಾಗಾಗಿ ಬಿಸ್ಕತ್ತಿನ ಅಡಿ ಕಪ್ಪಾಗಿರುತ್ತದೆ, ಮೇಲೆ ಇನ್ನೂ ಬಿಳುಪು. ತಳದ ತಗಡಿನ ಮೇಲೆ ಅಲ್ಲ, ಕಂಬಿ ತಟ್ಟೆಯ ಮೇಲೆ ಒಂದು ಪಿಜ್ಜಾ ಕಲ್ಲು ಇಟ್ಟು ಅದರ ಮೇಲೆ ಪಾತ್ರೆ ಇಟ್ಟರೆ ಶಾಖ ಸ್ವಲ್ಪ ಹರಡುತ್ತದೆ, ಆದರೆ ಕಲ್ಲು ಕಾಯೋಕೆ ಮತ್ತೆ ಅಷ್ಟು ಹೊತ್ತು. ಬೇಸಿಗೆಯಲ್ಲಿ ಗಾಡಿ ಒಳಗೆ ಕೂರೋಕೆ ಆಗಲ್ಲ. ಗ್ಯಾಸ್ ಉರಿದಾಗ ನೀರಾವಿಯೂ ಬರುತ್ತೆ, ಚಳಿ ಇದ್ದರೆ ಕಿಟಕಿ ಗಾಜಲ್ಲೆಲ್ಲ ನೀರು ಇಳಿಯುತ್ತದೆ. ನಾನು ಅದನ್ನ ಬಾಣಲೆ ಇಡೋಕೆ ಬಳಸುತ್ತೇನೆ.

ಇನ್ನು ದೊಡ್ಡ ಏರ್ ಫ್ರೈಯರ್ ಓವನ್. ಕೆಲಸದಲ್ಲಿ ಇದನ್ನ ಮೀರಿಸೋದು ಯಾವುದೂ ಇಲ್ಲ, ಒಪ್ಪಿಕೊಳ್ಳಲೇಬೇಕು. ಫ್ರೋಜನ್ ಪಫ್ ಪೇಸ್ಟ್ರಿ ಹಾಳೆ ಕತ್ತರಿಸಿ, ಒಳಗೆ ಆಲೂಗಡ್ಡೆ ಪಲ್ಯ ಇಟ್ಟು ಮಡಚಿ 400 ಡಿಗ್ರಿ ಫ್ಯಾರನ್‌ಹೀಟ್‌ಗೆ ಹಾಕಿದರೆ ಇಪ್ಪತ್ತು ನಿಮಿಷಕ್ಕೆ ಪದರ ಪದರ ಬಿಟ್ಟುಕೊಂಡು ಬೇಕರಿ ಪಫ್ಸ್ ರೆಡಿ. ಮೆತ್ತಗಾದ ಕೋಡುಬಳೆ ಐದು ನಿಮಿಷದಲ್ಲಿ ಮತ್ತೆ ಕಟುಂ ಅನ್ನುತ್ತದೆ.

ಆದರೆ ಲೆಕ್ಕ ಹಾಕಿ. 30 ಆಂಪ್ ಪ್ಲಗ್ ಇರುವ ಗಾಡಿಗೆ 120 ವೋಲ್ಟ್‌ನಲ್ಲಿ ಸಿಗೋದು ಒಟ್ಟು 3600 ವಾಟ್. ಮೇಲಿನ ಎಸಿ ಸುಮಾರು 1500 ತಿನ್ನುತ್ತೆ. ಬಿಸಿನೀರಿನ ಟ್ಯಾಂಕನ್ನು ಗ್ಯಾಸ್ ಬದಲು ಕರೆಂಟಿಗೆ ಹಾಕಿದ್ದರೆ ಇನ್ನೊಂದು 1400. ಅದರ ಮೇಲೆ ಈ 1700 ಸೇರಿದರೆ 4600, ಬ್ರೇಕರ್ ಟಪ್ ಅಂತ ಬೀಳುತ್ತದೆ. ಊರಿನ 230 ವೋಲ್ಟಿಗೆ ಒಗ್ಗಿದವರಿಗೆ ಇದು ವಿಚಿತ್ರ ಅನ್ನಿಸಬಹುದು. ಅಲ್ಲಿ 1500 ವಾಟಿನ ಸಾಮಾನು ಆರೂವರೆ ಆಂಪ್ ಎಳೆದರೆ ಇಲ್ಲಿ ಅದೇ ಸಾಮಾನು ಹನ್ನೆರಡೂವರೆ ಎಳೆಯುತ್ತದೆ. 50 ಆಂಪ್ ಗಾಡಿ ಇದ್ದರೆ ಈ ತಲೆನೋವು ಇಲ್ಲ, ಅದರಲ್ಲಿ 12,000 ವಾಟ್ ತನಕ ಜಾಗ ಇದೆ.

ಬ್ಯಾಟರಿ ಇದೆಯಲ್ಲ, ಇನ್ವರ್ಟರ್ ಇದೆಯಲ್ಲ ಅಂತೀರಾ? 12 ವೋಲ್ಟ್, 100 ಆಂಪ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರೋದು ಸುಮಾರು 1280 ವಾಟ್ ಅವರ್. ಈ ದೊಡ್ಡ ಓವನ್ ಬಿಡದೆ ಕಾಯಿಸಿದರೆ ಮುಕ್ಕಾಲು ಗಂಟೆಯೂ ಬರಲ್ಲ, ಎಳೆಯುವ ಕರೆಂಟೋ 140 ಆಂಪ್ ದಾಟುತ್ತದೆ. ಜನರೇಟರ್ ಹಾಕಬಹುದು, 4000 ವಾಟಿನದು ಗಾಡಿಯಲ್ಲೇ ಇದ್ದರೆ ಓವನ್ ಆರಾಮಾಗಿ ಓಡುತ್ತದೆ. ಆದರೆ ಯೆಲ್ಲೋಸ್ಟೋನ್‌ನಲ್ಲಿ ಜನರೇಟರ್‌ಗೆ ಬಿಟ್ಟಿರುವ ಕಡೆಯೂ ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ ಮಾತ್ರ. ಕಾಡೆಮ್ಮೆ ನೋಡೋಕೆ ಬೆಳಿಗ್ಗೆ ಆರಕ್ಕೇ ಹೊರಡೋರಿಗೆ ತಿಂಡಿ ಎಲ್ಲಿಂದ? ಬಾಡಿಗೆ ಗಾಡಿಗಳಲ್ಲಿ ಜನರೇಟರ್ ಓಡಿದ ಗಂಟೆಗೆ ಬೇರೆ ದುಡ್ಡು ಕೇಳೋದೂ ಉಂಟು.

ಚಿಕ್ಕ ಟೋಸ್ಟರ್ ಓವನ್‌ನ ದೊಡ್ಡ ಗುಣವೇ ಈ ಬ್ರೇಕರ್ ವಿಷಯ. ಬಿಸಿನೀರಿನ ಟ್ಯಾಂಕನ್ನು ಗ್ಯಾಸಿಗೆ ತಿರುಗಿಸಿಬಿಟ್ಟರೆ ಎಸಿ ಓಡುತ್ತಿದ್ದರೂ ಇದು ನಡೆಯುತ್ತದೆ. ಫ್ಯಾನ್ ಇಲ್ಲ, ಸದ್ದಿಲ್ಲ, ಡಿಜಿಟಲ್ ಗುಂಡಿಗಳಿಲ್ಲ, ರಸ್ತೆಯ ಕುಲುಕಾಟಕ್ಕೆ ಕೆಡೋಕೆ ಏನೂ ಇಲ್ಲ. ನಿಧಾನ, ಅದು ನಿಜ. ನಮ್ಮತ್ತೆ ಹಾಸನದಿಂದ ಬಂದಿದ್ದಾಗ ಸುಟ್ಟ ಬದನೆಕಾಯಿ ಗೊಜ್ಜು ಬೇಕೇ ಬೇಕು ಅಂದರು. ಒಲೆಯ ಉರಿಯಲ್ಲಿ ಸುಡೋಣ ಅಂದರೆ ತಲೆ ಮೇಲೆ ಮೂರಡಿಯಲ್ಲಿ ಸ್ಮೋಕ್ ಅಲಾರಂ. ದಪ್ಪ ಬದನೆಕಾಯಿಗೆ ಎಣ್ಣೆ ಸವರಿ, ಚಾಕುವಿನಲ್ಲಿ ನಾಲ್ಕು ಕಡೆ ಚುಚ್ಚಿ (ಚುಚ್ಚದಿದ್ದರೆ ಒಡೆಯುತ್ತೆ) ಇದರಲ್ಲಿ 425ಕ್ಕೆ ಇಟ್ಟೆ. ಮುಕ್ಕಾಲು ಗಂಟೆ ಹಿಡಿಯಿತು, ಸಿಪ್ಪೆ ಸುಕ್ಕುಗಟ್ಟಿ ಒಳಗೆ ಬೆಣ್ಣೆ ಆಗಿತ್ತು. "ಹೊಗೆ ವಾಸನೆ ಇಲ್ಲ ಕಣಮ್ಮ" ಅಂತ ಅಂದುಕೊಂಡೇ ಎರಡು ಸಲ ಹಾಕಿಸಿಕೊಂಡರು.

ಕರೆಂಟ್ ಓವನ್ ಎರಡಕ್ಕೂ ಒಂದು ಎಚ್ಚರಿಕೆ. ಗಾಡಿಯ ಗೋಡೆಗೆ ಅಂಟಿಸಿರೋದು ತೆಳು ಹಾಳೆ, ಮೇಲೆ ಕಪಾಟು ತೀರಾ ಕೆಳಗಿರುತ್ತದೆ. ಸುತ್ತ ನಾಲ್ಕೈದು ಇಂಚು ಬಿಟ್ಟು, ಕೌಂಟರಿನ ತುದಿ ಕಡೆಗೆ ಎಳೆದಿಟ್ಟು, ಮೇಲಿನ ಫ್ಯಾನ್ ಹಾಕಿಯೇ ಶುರು ಮಾಡಿ.

ಒಮ್ನಿಯಾ ಬಗ್ಗೆ ನನಗೆ ಪಕ್ಷಪಾತ ಇದೆ, ಬಚ್ಚಿಡಲ್ಲ. ಸ್ವೀಡನ್‌ನದು. ತಳಕ್ಕೊಂದು ಉಕ್ಕಿನ ತಟ್ಟೆ, ಉದ್ದಿನ ವಡೆಯ ಹಾಗೆ ನಡುವೆ ತೂತಿರುವ ಅಲ್ಯೂಮಿನಿಯಂ ಪಾತ್ರೆ, ಮೇಲೆ ಮುಚ್ಚಳ. ಗ್ಯಾಸ್ ಒಲೆ ಮೇಲೆ ಇಟ್ಟರೆ ತಟ್ಟೆ ಕೆಳಗಿಂದ ಕಾಯಿಸುತ್ತದೆ, ಬಿಸಿಗಾಳಿ ತೂತಿನಿಂದ ಮೇಲೆ ಹೋಗಿ ಮುಚ್ಚಳದಡಿ ಹರಡುತ್ತದೆ. ಕರೆಂಟ್ ಬೇಡವೇ ಬೇಡ. ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಹಾಕಿದ ಖಾರ ಬನ್ ಇದರಲ್ಲಿ ಬರುವಷ್ಟು ಮೃದುವಾಗಿ ಏರ್ ಫ್ರೈಯರ್‌ನಲ್ಲಿ ನನಗೆ ಬಂದೇ ಇಲ್ಲ, ಆ ಫ್ಯಾನ್ ಗಾಳಿಗೆ ಹಿಟ್ಟಿನ ಮೇಲ್ಮೈ ಬೇಗ ಒಣಗಿಬಿಡುತ್ತೆ. ಬರೀ ತಟ್ಟೆಯನ್ನು ಮೂರು ನಿಮಿಷ ಜೋರು ಉರಿಯಲ್ಲಿ ಕಾಯಿಸಿ, ಪಾತ್ರೆ ಇಟ್ಟು ಉರಿ ತಗ್ಗಿಸಬೇಕು. ಮೇಲ್ಭಾಗ ಕೆಂಪಗಾಗಲಿ ಅಂತ ಕಾಯಬೇಡಿ, ಅಷ್ಟೊತ್ತಿಗೆ ತಳ ಸೀದಿರುತ್ತದೆ. ಪಫ್ಸ್‌ಗೆ ಇದು ಆಗಿಬರಲ್ಲ. ನಾಲ್ಕು ಜನಕ್ಕಿಂತ ಜಾಸ್ತಿ ಇದ್ದರೆ ಎರಡು ಸಲ ಮಾಡಬೇಕು. ಗಾಡಿ ವಾಲಿದ್ದರೆ ಕೇಕೂ ವಾಲುತ್ತೆ.

ಅಂದಹಾಗೆ ಫಿಶಿಂಗ್ ಬ್ರಿಜ್ 7,700 ಅಡಿಗಿಂತ ಎತ್ತರದಲ್ಲಿದೆ, ನೀರು ಅಲ್ಲಿ 92-93 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಯಾವ ಓವನ್ ಆದರೂ ಕೇಕಿಗೆ ಬೇಕಿಂಗ್ ಪೌಡರ್ ಸ್ವಲ್ಪ ಕಮ್ಮಿ ಹಾಕಿ, ಇಲ್ಲಾಂದ್ರೆ ಉಬ್ಬಿ ಕುಸಿಯುತ್ತದೆ.

ಹಾಗಾಗಿ ಬಾಡಿಗೆ ಗಾಡಿ, ಪಾರ್ಕಿನೊಳಗಿನ ವಾಸ ಅಂದರೆ ನಾನು ಒಮ್ನಿಯಾ ಒಂದನ್ನೇ ಒಯ್ಯುತ್ತೇನೆ. ಸ್ವಂತ ಗಾಡಿ, ದಾರಿಯುದ್ದಕ್ಕೂ ಹುಕಪ್ ಇರುವ ಖಾಸಗಿ ಪಾರ್ಕ್‌ಗಳು ಅಂದರೆ ಜೊತೆಗೆ ಚಿಕ್ಕ ಟೋಸ್ಟರ್ ಓವನ್. ದೊಡ್ಡದು ಮನೆಯಲ್ಲೇ ಇರಲಿ, ಅದನ್ನಿಟ್ಟರೆ ಚಪಾತಿ ಲಟ್ಟಿಸೋಕೂ ಜಾಗ ಉಳಿಯಲ್ಲ.

ಕೆಲವರು ಸೆಖೆ ಆಗುತ್ತೆ ಅಂತ ಓವನ್ ಹೊರಗೆ ಪಿಕ್ನಿಕ್ ಟೇಬಲ್ ಮೇಲಿಟ್ಟು ಗಾಡಿಯ ಹೊರಗಿನ ಪ್ಲಗ್‌ಗೆ ಹಾಕ್ತಾರೆ. ಬೇರೆ ಕಡೆ ಒಳ್ಳೇ ಉಪಾಯ. ಯೆಲ್ಲೋಸ್ಟೋನ್‌ನಲ್ಲಿ ಮಾತ್ರ ಕರಡಿ ಕಾಟ. ಅಡುಗೆ ಸಾಮಾನು ತೊಳೆದದ್ದೇ ಆದರೂ ಯಾರೂ ಇಲ್ಲದೆ ಹೊರಗೆ ಬಿಡುವ ಹಾಗಿಲ್ಲ, ಓವನ್ ಆರುವ ತನಕ ಒಬ್ಬರು ಅದರ ಪಕ್ಕ ಕೂತಿರಲೇಬೇಕು.