ಮಕ್ಕಳ ಕುಸ್ತಿಗೆ 15 ಕೆಜಿ ಡಮ್ಮಿ: ಕೊಳ್ಳಬಹುದು, ಹೊಲಿಗೆ ನೋಡಿಕೊಳ್ಳಿ
ಸೊಂಟದ ಕೆಳಗೆ ಹಿಡಿಯುವಂತಿಲ್ಲದ ಗ್ರೀಕೋ-ರೋಮನ್ ಕುಸ್ತಿಯಲ್ಲಿ ಎದುರಾಳಿಯನ್ನು ಎತ್ತರಕ್ಕೆ ಎತ್ತಿ ನೇರ ಬೆನ್ನ ಮೇಲೆ ಕೆಡವಿದರೆ 5 ಅಂಕ. ಮಕ್ಕಳ ಕಣ್ಣೆಲ್ಲ ಆ ಪಟ್ಟಿನ ಮೇಲೆಯೇ, ಸಹಜ. ಆದರೆ ಕಲಿಕೆಗೆ ಜೊತೆಗಾರನ ಕುತ್ತಿಗೆಯನ್ನು ಪಣಕ್ಕಿಡಬಾರದು. ಮೊದಲ ನೂರಾರು ಎಸೆತಗಳು ಡಮ್ಮಿಯ, ಅಂದರೆ ಅಭ್ಯಾಸಕ್ಕೆಂದೇ ಇರುವ ಆಳಿನಾಕಾರದ ಬೊಂಬೆಯ ಮೇಲೇ ಆಗಲಿ.

ಬಟ್ಟೆಚೂರು ತುಂಬಿದ ಈ ಡಮ್ಮಿ 40-45 ಕೆಜಿ ತೂಗುವ ಮಕ್ಕಳಿಗೆ ಸರಿಹೊಂದುತ್ತದೆ. ಡಮ್ಮಿಯ ತೂಕ ಮೈತೂಕದ ಮೂರನೇ ಒಂದರಷ್ಟಿದ್ದರೆ ಸೊಂಟವನ್ನು ಅದರಡಿ ನುಗ್ಗಿಸಿ ಎತ್ತುವುದು ರೂಢಿಯಾಗುತ್ತದೆ. ಅತಿಯಾದರೆ ಮಗು ಬೆನ್ನು ಬಗ್ಗಿಸಿ ತೋಳಿನಿಂದಲೇ ಎಳೆಯುತ್ತದೆ, ಆ ಚಾಳಿ ಬಿಡಿಸುವುದು ಬಲು ಕಷ್ಟ. ಮರಳು ತುಂಬಿದ್ದು ಬೇಡವೇ ಬೇಡ: ಮರಳು ಕಾಲಿಗಿಳಿದು ತೂಕದ ಹಂಚಿಕೆ ಕೆಡುತ್ತದೆ.

ಕುಂದು ಇರುವುದು ತೋಳಿನ ಬುಡದಲ್ಲಿ. ಅಲ್ಲಿ ಒಂದೇ ಸಾಲು ಹೊಲಿಗೆ. ಬಳಸುವ ಮೊದಲೇ ದಪ್ಪ ನೈಲಾನ್ ದಾರದಲ್ಲಿ ಇನ್ನೊಂದು ಸಾಲು ಹಾಕಿಸಿ.

ಜೊತೆಗೆ ಬರುವ 20 ಸೆಂ.ಮೀ. ಮೆತ್ತೆ ಬೀಳುವ ಜಾಗಕ್ಕೆ ಮಾತ್ರ. ಎಸೆಯುವವರು ಅದರ ಮೇಲೆ ನಿಂತರೆ ಪಾದ ಹೂತು, ತಿರುಗುವಾಗ ಮೊಣಕಾಲು ತಿರುಚುತ್ತದೆ. ಇನ್ನು, ಡಮ್ಮಿ ಬೀಳುವಾಗ ಕೈ ಊರುವುದಿಲ್ಲ. ಮಕ್ಕಳು ಊರುತ್ತಾರೆ, ಮೊಣಕೈ ಕೀಲು ತಪ್ಪುವುದೇ ಹಾಗೆ. ಗದ್ದವನ್ನು ಎದೆಗೊತ್ತಿ, ಕೈ ಮಡಚಿ ಬೀಳುವುದನ್ನು ಬೇರೆಯಾಗಿಯೇ ಕಲಿಸಬೇಕು.